ಪುರವಂತ ಅಂದ್ರೆ ಡ್ಯಾನ್ಸರ್ ಅಲ್ಲ ಮಾರಾಯ್ರೆ

ಟೀವಿಯಲ್ಲಿ ಮೈಸೂರು ದಸರಾ ಮೆರವಣಿಗೆ ಬರ್ತಿತ್ತು. ಕೆಂಪು ಬಟ್ಟೆ, ಕೈಯಲ್ಲಿ ಕತ್ತಿ. "ನಮ್ಮೂರಲ್ಲೂ ಇವರಿದ್ದಾರೆ, ಪುರವಂತರು ಅಂತೀವಿ" ಅಂದೆ. "ಓ, ವೀರಗಾಸೆ ಡ್ಯಾನ್ಸರ್‌ಗಳಾ?" ಅಂದ ಬೆಂಗಳೂರಿನ ರೂಮ್‌ಮೇಟು. ಹೂಂ ಅನ್ನೋಕೆ ಮನಸ್ಸಾಗಲಿಲ್ಲ.

ನಮ್ಮೂರು ಹುಮನಾಬಾದ್, ವೀರಭದ್ರೇಶ್ವರನ ಊರು. ವೀರಭದ್ರ ಮನೆದೇವರಾಗಿರೋ ಮನೆಗಳಲ್ಲಿ ಮದುವೆ ಬಂತೆಂದರೆ ಗುಗ್ಗಳ ತೆಗೀತಾರೆ. ಉರಿಯುವ ಕೊಡ ಹೊತ್ತು, ಗುಗ್ಗಳದ ಹೊಗೆಯಲ್ಲಿ ಗುಡಿಗೆ ಹೋಗೋದು. ಮುಂದೆ ಪುರವಂತ. ದಕ್ಷನ ಯಜ್ಞ ಕೆಡಿಸಿದ ಕಥೆಯನ್ನು ಒಡಪಿನಲ್ಲಿ ಗುಡುಗ್ತಾನೆ, ಹರಕೆ ಹೊತ್ತವರಿಗೆ ಶಸ್ತ್ರ ಹಾಕ್ತಾನೆ. 13ನೇ ಶತಮಾನದಲ್ಲಿ ರಾಘವಾಂಕ 'ವೀರೇಶ ಚರಿತೆ' ಅಂತ ಉದ್ದಂಡ ಷಟ್ಪದಿಯಲ್ಲಿ ಬರೆದದ್ದೂ ಇದೇ ಕಥೆ. ನಾನಂತೂ ಪುಸ್ತಕದ ಹೆಸರು ಕೇಳೋ ಮೊದಲೇ ಕಥೆಯನ್ನ ಬೀದೀಲಿ ಕೇಳಿದ್ದೆ!

ವೀರಗಾಸೆ ಕುಣಿತದ ಹೆಸರು. ಪುರವಂತ ಅನ್ನೋದು ಸ್ಥಾನದ ಹೆಸರು. ಹಣವಂತ, ಗುಣವಂತ ಇದ್ದ ಹಾಗೆ ಇಲ್ಲೂ ಒಂದು 'ವಂತ' ಇದೆ ನೋಡಿ. ಮೆರವಣಿಗೆಯಲ್ಲಿ ಕುಣಿತ ನೋಡಿ ಚಪ್ಪಾಳೆ ತಟ್ಟಬಹುದು, ಗುಗ್ಗಳದಲ್ಲಿ ಯಾರೂ ತಟ್ಟಲ್ಲ. ಕೈ ಮುಗೀತಾರೆ.

ಅಕ್ಕನ ಮದುವೆಯಲ್ಲಿ ಬರಬೇಕಿದ್ದ ಪುರವಂತರಿಗೆ ಜ್ವರ. "ಸಂಬಾಳದ ಸಿಡಿ ಹಾಕಿ ಹೊರಡೋಣ" ಅಂದೆ ನಾನು, ಮಹಾ ಇಂಜಿನಿಯರ್. ಅವ್ವ ಕೆಂಡವಾದಳು: "ಪುರವಂತರು ಬರ್ಲಾರ್ದೆ ಗುಗ್ಗಳ ಹ್ಯಾಂಗ ಹೊರಡ್ತದ?"

ಎರಡು ತಾಸು ಕಾದ್ವಿ. ಪಕ್ಕದ ಹಳ್ಳಿಯಿಂದ ಇನ್ನೊಬ್ಬ ಮುದುಕರು ಬಂದರು. ದನಿ ಒಡೆದಿತ್ತು, ಒಡಪು ಮಾತ್ರ ಒಂದೂ ತಪ್ಪಲಿಲ್ಲ. ಊಟಕ್ಕೆ ಕೂತಾಗ ಮಗನ ಬಗ್ಗೆ ಕೇಳಿದೆ. ಪುಣೆಯಲ್ಲಿದ್ದಾನಂತೆ. ಕತ್ತಿ ಹಿಡೀತಾನೆ, ಚೆನ್ನಾಗೇ ಕುಣೀತಾನೆ, ಒಡಪು ಮಾತ್ರ ಬರಲ್ಲವಂತೆ.