ಚಕ್ರದ ಮೇಲಿನ ಅಡುಗೆಮನೆ



ಕಳೆದ ತಿಂಗಳು ಬಂದ ಪತ್ರಗಳ ಕಟ್ಟಿನಲ್ಲಿ ಡೊಂಬಿವಲಿಯ ಹಿರಿಯರೊಬ್ಬರ ಪತ್ರವಿತ್ತು. ಕುಂದಾಪುರದ ಕಡೆಯಿಂದ ಹುಡುಗನಾಗಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಈಗ ಅವರ ಮಗ ಕಂಪ್ಯೂಟರ್ ಕಂಪನಿಯ ಕೆಲಸ ಬಿಟ್ಟು, ಹಳೆಯ ಟೆಂಪೋ ಒಂದನ್ನು ಕೊಂಡು, ಬಣ್ಣ ಬಳಿಸಿ, ನೀರುದೋಸೆಯ ಫುಡ್ ಟ್ರಕ್ ಹಾಕುತ್ತೇನೆ ಎನ್ನುತ್ತಿದ್ದಾನಂತೆ. ಅದಕ್ಕೆ ತಾಯಿಯ ಬಳೆ ಅಡವಿಡಬೇಕು. "ಇದು ಎರಡು ದಿನದ ಶೋಕಿಯೋ, ಉಳಿಯುವ ದಂಧೆಯೋ? ನೀನು ಓದಿದವಳು, ಹೇಳು ಮಗಳೇ" ಎಂದು ಕೇಳಿದ್ದಾರೆ.

ಹಾಡು ಕೇಳಿದ್ದರೆ ಹಾಕಿ ಸುಮ್ಮನಾಗುತ್ತಿದ್ದೆ. ನಾನು ಓದಿದ್ದು ಕನ್ನಡ ಬಿ.ಎ., ವ್ಯಾಪಾರವಲ್ಲ. ಆದರೆ ಈ ಶೋಕಿಗೆ ಒಂದೂವರೆ ಶತಮಾನ ಮೀರಿದ ವಯಸ್ಸಾಗಿದೆ ಎಂಬುದು ಗೊತ್ತು. ಆ ಕಥೆಯನ್ನು ಹೇಳುತ್ತೇನೆ, ಲೆಕ್ಕ ನೀವು ಹಾಕಿಕೊಳ್ಳಿ.

ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ಊರಲ್ಲಿ ವಾಲ್ಟರ್ ಸ್ಕಾಟ್ ಎಂಬಾತ ಇದ್ದ. ನಮ್ಮ ಮೇಷ್ಟ್ರು ಹೇಳುತ್ತಿದ್ದ ಕಾದಂಬರಿಕಾರನಲ್ಲ, ಇವನು ಮುದ್ರಣಾಲಯದ ಕೆಲಸಗಾರ. ಹುಡುಗನಾಗಿದ್ದಾಗಲೇ ಬುಟ್ಟಿಯಲ್ಲಿ ತಿಂಡಿ, ಕಾಫಿ ಹೊತ್ತು ಮಾರಿ ನಾಲ್ಕು ಕಾಸು ಮಾಡಿಕೊಳ್ಳುತ್ತಿದ್ದ. ಊರಿನ ಹೋಟೆಲುಗಳು ಸಂಜೆ ಎಂಟಕ್ಕೆಲ್ಲ ಬಾಗಿಲು ಹಾಕುತ್ತಿದ್ದವು. ಆದರೆ ಪತ್ರಿಕೆ ಅಚ್ಚಾಗುವುದು ರಾತ್ರಿ. ವರದಿಗಾರರು, ಮೊಳೆ ಜೋಡಿಸುವವರು, ಕಾರ್ಖಾನೆಯ ರಾತ್ರಿಪಾಳಿಯವರು ಎಲ್ಲಿ ಉಣ್ಣಬೇಕು? 1872ರಲ್ಲಿ ಸ್ಕಾಟ್ ಕೆಲಸ ಬಿಟ್ಟು, ಕುದುರೆ ಎಳೆಯುವ ಗಾಡಿಯೊಂದಕ್ಕೆ ಕಿಟಕಿ ಕೊರೆಸಿ, 'ಪ್ರಾವಿಡೆನ್ಸ್ ಜರ್ನಲ್' ಪತ್ರಿಕೆಯ ಕಚೇರಿ ಎದುರು ನಿಲ್ಲಿಸಿದ. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಪೈ, ಬಿಸಿ ಕಾಫಿ. ಅವನು ಒಳಗೆ, ಗಿರಾಕಿಗಳು ಹೊರಗೆ ಬೀದಿಯಲ್ಲಿ ನಿಂತು ತಿನ್ನುವುದು. ರಾತ್ರಿ ಕಾರ್ಯಕ್ರಮ ಮುಗಿಸಿ ಸ್ಟುಡಿಯೋದಿಂದ ಹೊರಬಂದಾಗ ಆಗುವ ಹಸಿವು ನನಗೆ ಗೊತ್ತಿರುವುದರಿಂದ, ಆ ಗಾಡಿಯ ದೀಪ ಕಂಡವರ ಮುಖ ನನ್ನ ಕಣ್ಣಿಗೆ ಕಟ್ಟುತ್ತದೆ. ಸ್ಕಾಟನ ಗಾಡಿ ಎರಡು ದಿನದ ಶೋಕಿಯಾಗಲಿಲ್ಲ. ಅವನು ಈ ವ್ಯಾಪಾರ ಬಿಟ್ಟದ್ದು 1917ರಲ್ಲಿ.

ಇದನ್ನು ನೋಡಿ ಇನ್ನಷ್ಟು ಜನ ಗಾಡಿ ಹಾಕಿದರು. ಪಕ್ಕದ ಮ್ಯಾಸಚೂಸೆಟ್ಸಿನ ವೂಸ್ಟರ್ ಊರಲ್ಲಿ ಸ್ಯಾಮ್ ಜೋನ್ಸ್ ಎಂಬವನಿಗೆ ಒಂದು ಸಂಗತಿ ಹೊಳೆಯಿತು: ಮಳೆ ಬಂದರೆ ಗಿರಾಕಿ ನೆನೆಯುತ್ತಾನೆ, ನೆನೆದವನು ನಾಳೆ ಬರುವುದಿಲ್ಲ. 1887ರಲ್ಲಿ ಅವನು ಜನ ಒಳಗೆ ಹತ್ತಿ ನಿಂತು ಉಣ್ಣುವಷ್ಟು ದೊಡ್ಡ ಗಾಡಿ ಕಟ್ಟಿಸಿದ. 1891ರಲ್ಲಿ ಅದೇ ಊರಿನ ಚಾರ್ಲ್ಸ್ ಪಾಮರ್ ಇಂಥ ಗಾಡಿಯ ವಿನ್ಯಾಸಕ್ಕೆ ಪೇಟೆಂಟ್ ಪಡೆದ. ಬಣ್ಣದ ಗಾಜು, ಹಿತ್ತಾಳೆಯ ದೀಪ, ಚಿತ್ರ ಬರೆದ ಗೋಡೆ, ಹೀಗೆ ಗಾಡಿಗಳೂ ಸಿಂಗಾರವಾದವು. ನ್ಯೂಯಾರ್ಕಿನಲ್ಲಿ ಮದ್ಯಪಾನ ವಿರೋಧಿ ಚರ್ಚ್ ಸಂಘವೊಂದು, ಜನ ಹೆಂಡದಂಗಡಿಗೆ ಹೋಗದಿರಲಿ ಎಂದು 1893ರಲ್ಲಿ ತಾನೇ ರಾತ್ರಿ ಊಟದ ಗಾಡಿ ಇಳಿಸಿತು. ಹೊಟ್ಟೆ ತುಂಬಿದವನು ಕುಡಿಯುವುದಿಲ್ಲ ಎಂಬ ಅವರ ನಂಬಿಕೆ ಎಷ್ಟು ಫಲಿಸಿತೋ, ಅದನ್ನು ನೀವೇ ಊಹಿಸಿ.

ಇಷ್ಟಾದ ಮೇಲೆ ನಗರಸಭೆ ಎಚ್ಚೆತ್ತಿತು. ಗಾಡಿಗಳು ಹೆಚ್ಚಿ, ಕೆಲವರು ಹಗಲೂ ಬೀದಿಯಲ್ಲೇ ಉಳಿದಾಗ ದೂರು ಬಂತು. ಬೆಳಿಗ್ಗೆ ಹತ್ತರೊಳಗೆ ಬೀದಿ ಖಾಲಿ ಮಾಡಬೇಕು ಎಂದು ಪ್ರಾವಿಡೆನ್ಸಿನಲ್ಲಿ ಕಟ್ಟಳೆ ಬಂತು, ಬೇರೆ ಊರುಗಳಲ್ಲೂ ಇಂಥವೇ ಬಂದವು. ಮಾಲೀಕರು ಮಾಡಿದ ಉಪಾಯ ನೋಡಿ: ಯಾರದೋ ಖಾಲಿ ಜಾಗ ಬಾಡಿಗೆಗೆ ಹಿಡಿದು, ಗಾಡಿಯನ್ನು ಅಲ್ಲಿಗೆ ಎಳೆದು, ಚಕ್ರ ಕಳಚಿಬಿಟ್ಟರು! ಬೀದಿಯಲ್ಲಿಲ್ಲದ ಗಾಡಿಗೆ ಬೀದಿಯ ಕಾನೂನು ಎಲ್ಲಿಯದು? ಮುಂದೆ ಜೆರ್ರಿ ಒಮಹೋನಿಯಂಥವರು ನ್ಯೂಜೆರ್ಸಿಯ ಕಾರ್ಖಾನೆಯಲ್ಲಿ ಇಂಥವನ್ನು ಪೂರ್ತಿ ಕಟ್ಟಿ ಮಾರತೊಡಗಿದರು. ರೈಲಿನ ಊಟದ ಡಬ್ಬಿಯನ್ನು ಹೋಲುವ ಇವಕ್ಕೆ 'ಡೈನರ್' ಎಂಬ ಹೆಸರು ನಿಂತಿತು. ಇಂಗ್ಲಿಷ್ ಸಿನಿಮಾಗಳಲ್ಲಿ ಉದ್ದನೆಯ ಕಟ್ಟೆಯ ಮುಂದೆ ಸ್ಟೂಲಿನ ಮೇಲೆ ಕೂತು ಕಾಫಿ ಕುಡಿಯುತ್ತಾರಲ್ಲ, ಅದರ ಅಜ್ಜ ಸ್ಕಾಟನ ಕುದುರೆಗಾಡಿ.

ಹಾಗಾದರೆ ಚಕ್ರ ಕಳಚಿದವರು ಮಾತ್ರ ಉಳಿದರೇ? ಪೂರ್ತಿ ಹಾಗಲ್ಲ. ಅದೇ ಪ್ರಾವಿಡೆನ್ಸಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಆನ್ ಹೇವನ್ ಎಂಬ ವಿಧವೆ, ಗಂಡನ ವಿಮೆಯ ಹಣದಿಂದ ಒಂದು ಗಾಡಿ ಹಾಕಿದಳು. ಕುದುರೆ ಹೋಗಿ ಮೋಟಾರು ಬಂತು, ಮಾಲೀಕರು ಬದಲಾದರು. 'ಹೇವನ್ ಬ್ರದರ್ಸ್' ಎಂಬ ಆ ಗಾಡಿ ನೂರು ವರ್ಷ ದಾಟಿಯೂ ಸಂಜೆಯಾದರೆ ನಗರಸಭೆಯ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. ತಾಯಿಯ ಬಳೆಯ ಮಾತು ಓದಿದಾಗ ನನಗೆ ಮೊದಲು ನೆನಪಾದವಳು ಈಕೆ.

ಈಗ ನಿಮ್ಮ ಮಗ ನೋಡಿರುವ ಹೊಸ ಶೋಕಿಗೆ ಬರೋಣ. ಲಾಸ್ ಏಂಜಲೀಸಿನಲ್ಲಿ ಮೆಕ್ಸಿಕೊ ಮೂಲದವರ ಟ್ಯಾಕೋ ಗಾಡಿಗಳು ಮೊದಲೇ ಇದ್ದವು. 1974ರಲ್ಲಿ ರಾಉಲ್ ಮಾರ್ಟಿನೆಜ್ ಹಳೆಯ ಐಸ್‌ಕ್ರೀಂ ಗಾಡಿಯನ್ನೇ ಟ್ಯಾಕೋ ಗಾಡಿ ಮಾಡಿ, ಮುಂದೆ 'ಕಿಂಗ್ ಟ್ಯಾಕೋ' ಎಂಬ ಹೋಟೆಲುಗಳ ಸಾಲನ್ನೇ ಕಟ್ಟಿದ. 2008ರಲ್ಲಿ ಅಲ್ಲಿನ ಕೌಂಟಿ ಆಡಳಿತ, ಒಂದೇ ಕಡೆ ಒಂದು ಗಂಟೆಗಿಂತ ಹೆಚ್ಚು ನಿಂತರೆ ಸಾವಿರ ಡಾಲರ್ ದಂಡ ಅಥವಾ ಆರು ತಿಂಗಳವರೆಗೆ ಜೈಲು ಎಂಬ ಕಟ್ಟಳೆ ತಂದಿತು. ತಿನ್ನುವವರೇ ಗಾಡಿಯವರ ಪರ ನಿಂತರು. ಅದೇ ವರ್ಷ ನ್ಯಾಯಾಲಯ ಅದನ್ನು ತಳ್ಳಿಹಾಕಿತು.

ಆ ವರ್ಷದ ಕೊನೆಗೇ ರಾಯ್ ಚೋಯ್ ಮತ್ತು ಮಾರ್ಕ್ ಮಂಗೇರಾ 'ಕೋಗಿ' ಟ್ರಕ್ ಇಳಿಸಿದರು. ಕೊರಿಯಾದ ಮಾಂಸ, ಮೆಕ್ಸಿಕೊದ ರೊಟ್ಟಿ. ಎಲ್ಲಿ ನಿಲ್ಲುತ್ತೇವೆ ಎಂದು ಟ್ವಿಟ್ಟರಿನಲ್ಲಿ ತಿಳಿಸುವುದು, ಜನ ಓಡಿಬಂದು ಸಾಲು ನಿಲ್ಲುವುದು. ಅದು ಆರ್ಥಿಕ ಕುಸಿತದ ಕಾಲ. ಹೋಟೆಲ್ ತೆರೆಯಲು ಬಂಡವಾಳವಿಲ್ಲದ ಬಾಣಸಿಗರು ಬಹಳ ಮಂದಿ ಇದೇ ದಾರಿ ಹಿಡಿದರು. 2010ರಲ್ಲಿ ಟಿವಿ ಸ್ಪರ್ಧೆ, 2014ರಲ್ಲಿ 'ಶೆಫ್' ಸಿನಿಮಾ. ಅಲ್ಲಿಂದ ನಮ್ಮ ಬೆಂಗಳೂರು, ಮುಂಬಯಿಗಳಿಗೂ ಈ ಗಾಳಿ ಬೀಸಿತು. ಒಂದು ವಿಚಿತ್ರವೆಂದರೆ, ಚೋಯ್ ಆಮೇಲೆ ತೆರೆದ ಹಲವು ಹೋಟೆಲುಗಳು ಮುಚ್ಚಿದವು. ಕೋಗಿ ಟ್ರಕ್ಕು ಮಾತ್ರ ಹದಿನೈದು ವರ್ಷ ದಾಟಿಯೂ ಓಡುತ್ತಿತ್ತು.

ನಮ್ಮ ಮುಂಬಯಿ ಇದಕ್ಕೇನು ಕಡಿಮೆ? ದಾದರ್ ಸ್ಟೇಷನ್ ಹೊರಗೆ 1966ರಲ್ಲಿ ಅಶೋಕ್ ವೈದ್ಯ ವಡಾಪಾವ್ ಮಾರತೊಡಗಿದರು ಎನ್ನುತ್ತಾರೆ. ಗಿರಾಕಿಗಳು ರೈಲು ಹಿಡಿಯುವ ಗಡಿಬಿಡಿಯ ಗಿರಣಿ ಕಾರ್ಮಿಕರು. 1982ರ ಮುಷ್ಕರದ ನಂತರ ಗಿರಣಿಗಳು ಮುಚ್ಚಿದಾಗ, ಕೆಲಸ ಕಳೆದುಕೊಂಡ ಕಾರ್ಮಿಕರಲ್ಲೇ ಎಷ್ಟೋ ಮಂದಿ ವಡಾಪಾವ್ ಗಾಡಿ ಹಿಡಿದರು. ತಿನ್ನುತ್ತಿದ್ದವರು ಮಾರುವವರಾದರು. 2003ರಲ್ಲಿ ಸುಪ್ರೀಂ ಕೋರ್ಟು, ಮುಂಬಯಿಯ ರೈಲ್ವೆ ಸ್ಟೇಷನ್ನಿನಿಂದ 150 ಮೀಟರ್ ಒಳಗೆ ಬೀದಿ ವ್ಯಾಪಾರ ಕೂಡದು ಎಂದಿತು. ಸ್ಟೇಷನ್ ಬಾಗಿಲಲ್ಲೇ ಹುಟ್ಟಿದ ತಿಂಡಿಗೆ ಎಂಥ ಶಿಕ್ಷೆ! 2014ರ ಬೀದಿ ವ್ಯಾಪಾರಿಗಳ ಕಾಯಿದೆ ಹಕ್ಕು ಕೊಟ್ಟಿದೆ, ನಗರ ಸಮಿತಿಗಳನ್ನೂ ಹೇಳಿದೆ. ಆದರೆ ನಗರಪಾಲಿಕೆಯ ಲಾರಿ ಬಂದಾಗ ಗಾಡಿಯವನು ಓಡುವುದನ್ನು ನೀವೂ ನೋಡಿದ್ದೀರಿ.

ನಮ್ಮವರು ಹಿಡಿದದ್ದು ಬೇರೆ ದಾರಿ. ಎ. ರಾಮ ನಾಯಕರು 1942ರಲ್ಲಿ ಮಾಟುಂಗಾ ಸ್ಟೇಷನ್ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದಾಗ, ಮನೆ ಬಿಟ್ಟು ಬಂದ ನೌಕರರಿಗೆ ದಿನಾ ಅದೇ ಹೊತ್ತಿಗೆ, ಅದೇ ರುಚಿಯ ಊಟ ಬೇಕಿತ್ತು. ಚಕ್ರದ ಅಗತ್ಯವೇ ಬೀಳಲಿಲ್ಲ.

ಈಗ ಡೊಂಬಿವಲಿಯ ಹಿರಿಯರೇ, ನಿಮ್ಮ ಪ್ರಶ್ನೆ. ನೀರುದೋಸೆ ರುಚಿಯಾದದ್ದೇ, ಆದರೆ ನಿಧಾನ. ಒಂದಕ್ಕೆ ಒಂದೂವರೆ ನಿಮಿಷ ಹಿಡಿಯಿರಿ, ಎರಡು ಕಾವಲಿ ಇಡಿ, ಗಂಟೆಗೆ 80 ದೋಸೆ. ಒಬ್ಬರು ನಾಲ್ಕು ತಿಂದರೆ ಇಪ್ಪತ್ತೇ ಗಿರಾಕಿ. ಆಫೀಸಿನ ಊಟದ ಬಿಡುವಿನ ಒಂದೆರಡು ಗಂಟೆಯಲ್ಲಿ ಇದು ಸಾಲದು. ಹಿಟ್ಟು ರುಬ್ಬಲು ಬೇರೆ ಜಾಗ, ನೀರು, ಗ್ಯಾಸು, ಪಾರ್ಕಿಂಗು, ಜೊತೆಗೆ ನಾಲ್ಕು ತಿಂಗಳ ಮಳೆ. ಟೆಂಪೋದ ಬೆಲೆಯಷ್ಟೇ ಲೆಕ್ಕ ಹಾಕಿದವರ ಗಾಡಿ ಎರಡನೆಯ ಮಳೆಗಾಲ ಕಾಣುವುದು ಕಷ್ಟ. ಆದರೆ ರಾತ್ರಿ ಪಾಳಿ ಮುಗಿಸಿ ಬರುವ ಕಾಲ್ ಸೆಂಟರಿನ ಮಕ್ಕಳು, ಆಸ್ಪತ್ರೆಯ ದಾದಿಯರು, ರಿಕ್ಷಾದವರು ಇದ್ದಾರಲ್ಲ, ಅವರಿಗೆ ರಾತ್ರಿ ಒಂದು ಗಂಟೆಗೆ ಬಿಸಿದೋಸೆ ಕೊಡುವವರು ಎಷ್ಟು ಮಂದಿ?

ಬಳೆಯನ್ನು ಈಗಲೇ ಕೊಡಬೇಡಿ. ಮಗನಿಗೆ ಒಂದು ಕಾವಲಿ, ಒಂದು ಒಲೆ ಕೊಟ್ಟು, ಗುರುತಿನ ಯಾವುದಾದರೂ ಹೋಟೆಲಿನ ಮುಂಭಾಗದಲ್ಲಿ, ಮಾಲೀಕರನ್ನು ಕೇಳಿಕೊಂಡು, ಒಂದು ತಿಂಗಳು ರಾತ್ರಿ ಹನ್ನೊಂದರಿಂದ ಎರಡರವರೆಗೆ ನಿಲ್ಲಿಸಿ. ಅದು ಜುಲೈ ತಿಂಗಳಾದರೆ ಇನ್ನೂ ಒಳ್ಳೆಯದು. ನಿಮಗೆ ಹೋಟೆಲಿನವರ ಗುರುತು ಸಾಕಷ್ಟಿದೆ ಎಂದು ಪತ್ರದಲ್ಲೇ ಬರೆದಿದ್ದೀರಿ. ಗಲ್ಲಾ ಲೆಕ್ಕ ನೀವೇ ಬರೆಯಿರಿ. ತಿಂಗಳಾದ ಮೇಲೆ ಮತ್ತೊಂದು ಪತ್ರ ಹಾಕಿ. ಜಾಗ ಎಲ್ಲೆಂದು ಅದರಲ್ಲಿ ಬರೆಯಿರಿ, ರಾತ್ರಿ ಕಾರ್ಯಕ್ರಮ ಮುಗಿಸಿ ನಾನೂ ಬರುತ್ತೇನೆ.