ಮೂಗುತಿ ಮತ್ತು ಹೊಟ್ಟೆನೋವು: ಇಬ್ಬರು ಶ್ರೀನಿವಾಸರ ಎರಡು ಕಥೆ

ಇವತ್ತಿನ ಎಪಿಸೋಡ್‌ನಲ್ಲಿ ಎರಡು ಸಣ್ಣ ಕಥೆ ಹೇಳ್ತೀನಿ. ಒಂದು ನಿಮಗೆ ಗೊತ್ತಿರೋದೇ. ಇನ್ನೊಂದು ನಮ್ಮ ಮಾನ್ವಿ, ದೇವದುರ್ಗ ಕಡೆಯದು. ಎರಡರಲ್ಲೂ ನಾಯಕನ ಹೆಸರು ಶ್ರೀನಿವಾಸ. ಇಬ್ಬರಿಗೂ ಅಹಂಕಾರ, ಇಬ್ಬರೂ ಕೊನೆಗೆ ಹರಿದಾಸರಾಗ್ತಾರೆ. ಹಾಗಾದ್ರೆ ಎರಡೂ ಒಂದೇ ಕಥೆನಾ? ನೋಡೋಣ.

ಮೊದಲನೆಯದು ಮೂಗುತಿ ಕಥೆ. ಶ್ರೀನಿವಾಸ ನಾಯಕ ಲೇವಾದೇವಿ ಮಾಡೋ ಸಾಹುಕಾರ. ಜನ ಅವನನ್ನ 'ನವಕೋಟಿ ನಾರಾಯಣ' ಅಂತಿದ್ರು. 1964ರಲ್ಲಿ ಬಂದ ರಾಜ್‌ಕುಮಾರ್ ಸಿನಿಮಾದ ಹೆಸರೂ ಅದೇ. ಬಡ ಬ್ರಾಹ್ಮಣನೊಬ್ಬ ಮಗನ ಮುಂಜಿಗೆ ದುಡ್ಡು ಕೇಳಿಕೊಂಡು ಬಂದ. ನಾಯಕ ನಾಳೆ ಬಾ, ನಾಡಿದ್ದು ಬಾ ಅಂತ ಅಲೆದಾಡಿಸಿದ. ಕೊನೆಗೆ ಆತ ನಾಯಕನ ಹೆಂಡತಿ ಸರಸ್ವತಿಬಾಯಿಯನ್ನ ಕೇಳಿದ. ಆಕೆ ತನ್ನ ಮೂಗುತಿ ಬಿಚ್ಚಿ ಕೊಟ್ಟಳು. ಅದನ್ನ ಮಾರೋಕೆ ಆತ ಬಂದದ್ದು ನಾಯಕನ ಅಂಗಡಿಗೇ! ಗುರುತು ಹಿಡಿದ ನಾಯಕ ಅದನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಮನೆಗೆ ಬಂದು 'ಮೂಗುತಿ ಎಲ್ಲಿ?' ಅಂದ. ಹೆದರಿದ ಆಕೆ ವಿಷದ ಬಟ್ಟಲು ಎತ್ತಿದಾಗ ಮೂಗುತಿ ಅದರೊಳಗೇ ಬಿತ್ತು. ಅಂಗಡಿಗೆ ಓಡಿ ನೋಡಿದರೆ ಪೆಟ್ಟಿಗೆ ಖಾಲಿ. ನಾಯಕ ಎಲ್ಲವನ್ನೂ ದಾನ ಮಾಡಿ, ವ್ಯಾಸರಾಯರ ಶಿಷ್ಯನಾಗಿ, ಪುರಂದರದಾಸರಾದರು.

ಎರಡನೆಯದು ಇದಾಗಿ ಸುಮಾರು 200 ವರ್ಷದ ನಂತರದ್ದು. ಮಾನ್ವಿ ತಾಲ್ಲೂಕಿನ ಬ್ಯಾಗವಾಟದಲ್ಲಿ 1728ರ ಹೊತ್ತಿಗೆ ಹುಟ್ಟಿದ ಶ್ರೀನಿವಾಸಾಚಾರ್ಯರು ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡು ಕಟ್ಟಿ, ತಂಬೂರಿ ಹಿಡಿದು ತಿರುಗೋ ದಾಸರು ಅಂದ್ರೆ ಅವರಿಗೆ ತಾತ್ಸಾರ. ಅದೇ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು ಮಾನ್ವಿಗೆ ಬಂದು ಊಟಕ್ಕೆ ಕರೆದರು. ಹೋಗೋಕೆ ಮನಸ್ಸಿಲ್ಲದ ಆಚಾರ್ಯರು 'ಹೊಟ್ಟೆನೋವು' ಅಂತ ಸುಳ್ಳು ಹೇಳಿ ಕಳಿಸಿದರು. ಆ ಸುಳ್ಳೇ ನಿಜ ಆಯ್ತು. ಯಾವ ಔಷಧಕ್ಕೂ ಬಗ್ಗಲಿಲ್ಲ. ಮಂತ್ರಾಲಯಕ್ಕೆ ಹೋಗಿ ಸೇವೆ ಮಾಡಿದರು. ರಾಯರು ಕನಸಲ್ಲಿ 'ವಿಜಯದಾಸರ ಹತ್ರಾನೇ ಹೋಗು' ಅಂದರಂತೆ. ವಿಜಯದಾಸರು ತಮ್ಮ ಶಿಷ್ಯ ಗೋಪಾಲದಾಸರ ಬಳಿ ಕಳಿಸಿದರು. ಇವರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಗೋಪಾಲದಾಸರು ಜೋಳದ ರೊಟ್ಟಿ ತಿನ್ನಿಸಿ, ತಮ್ಮ ಆಯುಷ್ಯದಲ್ಲಿ 40 ವರ್ಷ ತೆಗೆದು ಕೊಟ್ಟರು ಅಂತ ಕಥೆ. ಆಚಾರ್ಯರು ಜಗನ್ನಾಥದಾಸರಾದರು.

ಈಗ ಪಾತ್ರ ನೋಡಿ. ಎರಡರಲ್ಲೂ ಬದಲಾಗೋದು ಶ್ರೀನಿವಾಸ, ಆದರೆ ಬೆಲೆ ಕೊಡೋದು ಬೇರೆಯವರು. ಅಲ್ಲಿ ಹೆಂಡತಿ ಮೂಗುತಿ ಕೊಟ್ಟಳು, ಜೀವಾನೂ ಕೊಡೋಕೆ ಹೊರಟಳು. ಇಲ್ಲಿ ಗೋಪಾಲದಾಸರು ತಮ್ಮ ವರ್ಷಗಳನ್ನೇ ಕೊಟ್ಟರು. ಹಾಡು ನಾವು ಹಾಡೋದು ಪುರಂದರರದ್ದು. ಸರಸ್ವತಿಬಾಯಿ ಮುಂದೆ ಏನಾದಳು ಅಂತ ನಾವು ಕೇಳೋದು ಕಡಿಮೆ.

ಜಾಗ ನೋಡಿ. ನಾಯಕನ ಅಂಗಡಿ ಪುಣೆ ಹತ್ತಿರದ ಪುರಂದರಗಡದಲ್ಲಿತ್ತು ಅಂತ ಸಂಪ್ರದಾಯ; ಅಲ್ಲ, ಮಲೆನಾಡಿನ ತೀರ್ಥಹಳ್ಳಿ ಕಡೆ ಅನ್ನೋ ವಿದ್ವಾಂಸರೂ ಇದ್ದಾರೆ. ಕಥೆ ಮುಗಿಯೋದು ವಿಜಯನಗರದಲ್ಲಿ. ಅಲ್ಲಿ ಅರಮನೆ, ಪೇಟೆ, ರಾಜಗುರು ಎಲ್ಲ ಇತ್ತು. ನಮ್ಮ ಕಥೆಯಲ್ಲಿ ಇವ್ಯಾವೂ ಇಲ್ಲ. 1565ರಲ್ಲಿ ವಿಜಯನಗರ ಸೋತಿತ್ತು. 1686ರಲ್ಲಿ ಬಿಜಾಪುರ ಮೊಘಲರ ಪಾಲಾಯ್ತು, 1724ರ ನಂತರ ಈ ಸೀಮೆ ನಿಜಾಮರದ್ದು. ಹಂಪಿಯಲ್ಲಿ ನಿಂತುಹೋದ ದಾಸರ ಹಾಡು ಮತ್ತೆ ಚಿಗುರಿದ್ದು ತುಂಗಭದ್ರೆ–ಕೃಷ್ಣೆ ನಡುವಿನ ಈ ಹಳ್ಳಿಗಳಲ್ಲಿ.

ಇನ್ನು ಸಂಘರ್ಷ. ಮೂಗುತಿ ಕಥೆಯ ಜಗಳ ದುಡ್ಡಿನದ್ದು. ಮಾನ್ವಿ ಕಥೆಯದ್ದು ಭಾಷೆಯದ್ದು. ದೊಡ್ಡ ವಿಚಾರ ಸಂಸ್ಕೃತದಲ್ಲೇ ಹೇಳಬೇಕಾ, ಜೋಳದ ರೊಟ್ಟಿ ತಿನ್ನೋ ಜನರ ಕನ್ನಡದಲ್ಲಿ ಹೇಳಬಹುದಾ? ಉತ್ತರ 'ಹರಿಕಥಾಮೃತಸಾರ'. ಮಧ್ವ ಸಿದ್ಧಾಂತವನ್ನ ಜಗನ್ನಾಥದಾಸರು ಬರೆದದ್ದು ಕನ್ನಡದಲ್ಲಿ, ಕುಮಾರವ್ಯಾಸ ಭಾರತ ಹೇಳಿದ ಅದೇ ಭಾಮಿನಿ ಷಟ್ಪದಿಯಲ್ಲಿ. ಅದರಲ್ಲಿ ಸಂಸ್ಕೃತ ಪದಗಳು ಬೇಕಾದಷ್ಟಿವೆ, ಒಪ್ಪೋಣ. ಆದ್ರೆ ಸಂಸ್ಕೃತ ಕಲಿಯೋ ಅವಕಾಶವೇ ಇಲ್ಲದ ಹೆಣ್ಣುಮಕ್ಕಳು ಇವತ್ತಿಗೂ ಮನೆಗಳಲ್ಲಿ ಅದನ್ನ ಬಾಯಿಪಾಠ ಹೇಳ್ತಾರೆ.

ಇದೆಲ್ಲ ನಡೆದದ್ದಾ ಅಂತ ನೀವು ಕೇಳಬಹುದು. ಇವು ಶಾಸನ ಅಲ್ಲ, ಭಕ್ತರು ಬಾಯಿಂದ ಬಾಯಿಗೆ ತಂದ ಕಥೆ. ಆದ್ರೆ ವರ್ಷಗಳನ್ನ ನೋಡಿ. ಗೋಪಾಲದಾಸರು ತೀರಿಕೊಂಡದ್ದು 1762ರಲ್ಲಿ, ಹೆಚ್ಚುಕಮ್ಮಿ 40ನೇ ವಯಸ್ಸಿಗೆ. ಜಗನ್ನಾಥದಾಸರು 1809ರ ತನಕ, 80 ದಾಟಿ ಬದುಕಿದರು. ಗುರು ಅಷ್ಟು ಬೇಗ ಹೋದ, ಶಿಷ್ಯ ಇಷ್ಟು ದಿನ ಉಳಿದ. ಯಾಕೆ? ಆ ನೋವಿಗೆ ಜನ ಕೊಟ್ಟುಕೊಂಡ ಉತ್ತರವೇ ಆಯುರ್ದಾನದ ಕಥೆ ಇರಬಹುದು. ಇದು ನನ್ನ ಊಹೆ, ಅಷ್ಟೇ.

ಈ ಕಥೆ ನನಗೆ ಯಾಕೆ ಮುಖ್ಯ ಅಂದ್ರೆ, ಓದೋಕೆ ಬೇರೆ ಊರಿಗೆ ಹೋದಾಗ ನನ್ನ ರಾಯಚೂರು ಮಾತು ಕೇಳಿ ಕ್ಲಾಸಲ್ಲಿ ನಕ್ಕಿದ್ರು. ನಾನೂ ಕೆಲವು ವರ್ಷ ಮಾತು ಬದಲಾಯಿಸಿಕೊಂಡಿದ್ದೆ. ಅಂದ್ರೆ, ಹೊಟ್ಟೆನೋವು ಅಂತ ಸುಳ್ಳು ಹೇಳಿ ನನ್ನ ಮಂದಿಯ ಪಂಕ್ತಿಗೇ ಹೋಗದೆ ಉಳಿದಿದ್ದೆ.

ರಾಯಚೂರಿಂದ ಮಾನ್ವಿಗೆ ಬಸ್ಸಲ್ಲಿ ಹೋಗ್ತಾ ಇದನ್ನ ಕೇಳ್ತಿದ್ರೆ, ಇಳಿದ ಮೇಲೆ ಜಗನ್ನಾಥದಾಸರ ಸನ್ನಿಧಿ ಕಡೆ ಹೋಗಿ ಬನ್ನಿ. ನಿಮ್ಮ ಮನೇಲಿ ಹಿರಿಯರು ಈ ಕಥೆ ಬೇರೆ ಥರ ಹೇಳ್ತಿದ್ರೆ ರೆಕಾರ್ಡ್ ಮಾಡಿ ಇಟ್ಕೊಳ್ಳಿ. ಮುಂದಿನ ವಾರ ಸಿಗೋಣ. ಬರ್ತೀನ್ರೀ.