ತಂತಿ ನಡೆದ ದಾರಿ

ಕಾಪುವಿನ ಕಡಲತಡಿಯ ಬಂಡೆಯ ಮೇಲೆ 1901ರಲ್ಲಿ ಎದ್ದುನಿಂತ ದೀಪಸ್ತಂಭವನ್ನು ಸಂಜೆಯ ಹೊತ್ತು ನೋಡಹೋಗುವವರು ಅದೊಂದು ವಿಹಾರಸ್ಥಳವೆಂದೇ ತಿಳಿದಿರುವರಾದರೂ, 27 ಮೀಟರು ಎತ್ತರದ ಆ ಗೋಪುರವು ಹುಟ್ಟಿದುದು ಸುದ್ದಿಯೊಂದನ್ನು ದೂರಕ್ಕೆ ಮುಟ್ಟಿಸುವುದಕ್ಕಾಗಿ. ಇಲ್ಲಿ ಬಂಡೆಯಿದೆ, ಇಲ್ಲಿ ದಡವಿದೆ ಎಂಬಷ್ಟನ್ನು ಹೆಸರರಿಯದ ನಾವಿಕರಿಗೆ ಇರುಳೆಲ್ಲ ಹೇಳುತ್ತಿರುವುದೇ ಅದರ ಕಾಯಕ. ಅದು ತಲೆಯೆತ್ತಿದ ವರ್ಷವೇ, ಕಾರ್ಕಳ ಸೀಮೆಯ ನಂದಳಿಕೆಯಲ್ಲಿ ಹುಟ್ಟಿ ಉಡುಪಿಯ ಶಾಲೆಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿದ್ದ ಲಕ್ಷ್ಮೀನಾರಣಪ್ಪನು, ಎಂದರೆ ನಮ್ಮ ಕವಿ ಮುದ್ದಣನು, ಮೂವತ್ತೊಂದರ ಹರಯದಲ್ಲಿ ಕ್ಷಯಕ್ಕೆ ತುತ್ತಾದನು. ಆತನು ತನ್ನ ಕೃತಿಗಳನ್ನು ಯಾವನೋ ಹಳೆಯ ಕವಿಯವೆಂಬ ನೆವದಿಂದ ಮೈಸೂರಿನ ಸಂಪಾದಕರಿಗೆ ಕಳುಹಿಸಿದುದು ಟಪ್ಪಾಲಿನ ಮೂಲಕ. ಮದರಾಸು ಪ್ರಾಂತಕ್ಕೆ ಸೇರಿದ ಕರಾವಳಿಗೂ ಘಟ್ಟದ ಮೇಲಿನ ಸಂಸ್ಥಾನಕ್ಕೂ ನಡುವೆ ಕಾಗದವೇ ಮುಖ್ಯ ಕೊಂಡಿಯಾಗಿದ್ದು, ಕಳುಹಿಸಿದವನ ಮುಖವನ್ನು ಕಾಣದೆ, ದನಿಯನ್ನು ಕೇಳದೆ, ಓಲೆಯನ್ನಷ್ಟೇ ನಂಬಬೇಕಾಗಿದ್ದುದರಿಂದಲೇ ಆ ಗುಟ್ಟು ಅಷ್ಟು ಕಾಲ ಉಳಿಯಿತೆಂದು ನನಗೆ ಅನೇಕ ವೇಳೆ ತೋರಿದೆ.

ಈ ಸೀಮೆಯ ಸಂಪರ್ಕಜಾಲದ ಚರಿತ್ರೆಯನ್ನು ಯಂತ್ರಗಳ ಹೆಸರಿನಿಂದ ಆರಂಭಿಸಲು ನನಗೆ ಮನಸ್ಸೊಪ್ಪದು. ಏಕೆಂದರೆ ಇಲ್ಲಿಗೆ ತಂತಿಯನ್ನು ಎಳೆತಂದುದು ಅಗಲಿಕೆ. ಭೂಮಿ ಸಾಲದೆ, ವರ್ಷದಲ್ಲಿ ಹಲವು ತಿಂಗಳು ಕೈಗೆ ಕೆಲಸವಿಲ್ಲದೆ, ಮುಂಬಯಿಯ ಹೋಟೆಲುಗಳಿಗೆ ಪಾತ್ರೆ ತೊಳೆಯಲು ಹೋದ ಹುಡುಗರು, ತರುವಾಯ ಗಲ್ಲೆಯ ಮೇಲೆ ಕುಳಿತವರು, ಬ್ಯಾಂಕಿನ ವರ್ಗಾವಣೆಯಿಂದ ಊರೂರು ಸುತ್ತಿದವರು, ಎಪ್ಪತ್ತರ ದಶಕದಿಂದೀಚೆಗೆ ಕೊಲ್ಲಿ ರಾಷ್ಟ್ರಗಳಿಗೆ ಹಾರಿದವರು, ಇವರೆಲ್ಲರ ಮನೆಗಳಲ್ಲಿ ಉಳಿದ ತಾಯಂದಿರ ಕಾತರವೇ ಇಲ್ಲಿನ ದೂರವಾಣಿಗೆ ಮೊದಲ ಮಾರುಕಟ್ಟೆಯಾಯಿತು. 1906ರಲ್ಲಿ ಕಾರ್ಪೊರೇಶನ್ ಬ್ಯಾಂಕು, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕೆನಿಸಿದ ಸಂಸ್ಥೆ, ಎರಡೂ ಉಡುಪಿಯೆಂಬ ಈ ಸಣ್ಣ ದೇವಸ್ಥಾನದ ಪೇಟೆಯಲ್ಲಿಯೇ ಹುಟ್ಟಿದುದು ಆಕಸ್ಮಿಕವಲ್ಲ. ದೂರದೂರಿನ ಹಣವನ್ನು ಈ ಊರಿಗೆ ಮುಟ್ಟಿಸುವ ವ್ಯವಹಾರಕ್ಕೆ ಸುದ್ದಿಯೂ ಜೊತೆಜೊತೆಗೆ ನಡೆಯಬೇಕಷ್ಟೆ. ಆದರೆ ಹಣವಿದ್ದ ಕಡೆಗೆ ಬೇಗ, ಕಾಡಿದ್ದ ಕಡೆಗೆ ತಡವಾಗಿ ಬಂದ ಈ ತಂತಿಯು, ಕಾಪುವಿನ ಅಲೆಗಳಿಂದ ಕಾರ್ಕಳದಾಚೆ ಮಾಳದ ಘಟ್ಟದಡಿಯವರೆಗಿನ ಐವತ್ತು ಕಿಲೊಮೀಟರಿನಷ್ಟು ದೂರವನ್ನು ಇಂದಿಗೂ ಪೂರ್ತಿಯಾಗಿ ಕ್ರಮಿಸಿಲ್ಲ. ನಾನು ಹೇಳಬೇಕೆಂದಿರುವುದು ಈ ಸಂಗತಿಯನ್ನೇ.

ತಂತಿಯೆಂದರೆ ಮೊದಲು ಟೆಲಿಗ್ರಾಮು. ಅದರ ಹೆಸರು ಕೇಳಿದರೆ ಮನೆಯಲ್ಲಿ ಅಳು ಆರಂಭವಾಗುತ್ತಿದ್ದ ಕಾಲವನ್ನು ಬಲ್ಲವರು ಇನ್ನೂ ಇದ್ದಾರೆ. 2013ರ ಜುಲೈಯಲ್ಲಿ ಆ ಸೇವೆ ದೇಶಾದ್ಯಂತ ನಿಂತಾಗ ಅದನ್ನು ಕಾಯುವವರು ಯಾರೂ ಉಳಿದಿರಲಿಲ್ಲ. ಅದಕ್ಕಿಂತ ಹೆಚ್ಚು ಆಳವಾಗಿ ನನ್ನ ನೆನಪಿನಲ್ಲಿ ನಿಂತುದು ಟ್ರಂಕ್ ಕಾಲ್. ಮುಂಬಯಿಯ ಮಾಟುಂಗದ ಹೋಟೆಲಿನಲ್ಲಿದ್ದ ಮಾವನು ಕಾಗದ ಬರೆದು ದಿನ, ಹೊತ್ತುಗಳನ್ನು ಗೊತ್ತುಪಡಿಸುತ್ತಿದ್ದನು. ಅಂದು ಅಜ್ಜಿಯು ಮಡಿಕೆ ಬಿಚ್ಚದ ಸೀರೆಯುಟ್ಟು, ನನ್ನನ್ನು ಕೈಹಿಡಿದು, ಅಂಚೆಕಚೇರಿಯ ಬೆಂಚಿನ ಮೇಲೆ ಬೆಳಗಿನಿಂದ ಕುಳಿತಿರುವಳು. ಮಧ್ಯಾಹ್ನ ದಾಟಿದ ಮೇಲೆ ಗಂಟೆ ಬಾರಿಸಿ, ಪೋಸ್ಟ್ ಮಾಸ್ತರರು ಕರಿಯ ರಿಸೀವರನ್ನು ಚಾಚಿದಾಗ, ಅವಳು ಬಲಗಿವಿಯ ಬೆಂಡೋಲೆಯನ್ನು ಕಳಚಿ ನನ್ನ ಅಂಗೈಯಲ್ಲಿಟ್ಟು, ಆ ಭಾರವಾದ ವಸ್ತುವನ್ನು ಕಿವಿಗೊತ್ತಿಕೊಂಡು, “ವಣಸ್ ಆಂಡಾ ಮಗಾ?”, ಊಟವಾಯಿತೇ ಮಗಾ ಎಂದು ತುಳುವಿನಲ್ಲಿ ಕೂಗಿ ಕೇಳುವಳು. ಆ ಕಡೆಯಿಂದ ಅವನು ಏನು ಹೇಳಿದರೂ ಮತ್ತೆ ಅದೇ ಪ್ರಶ್ನೆ. ಮೂರು ನಿಮಿಷ ಮುಗಿಯಿತೆಂದು ಆಪರೇಟರಳು ನಡುವೆ ದನಿಗೂಡಿಸುವಷ್ಟರಲ್ಲಿ, ಜಾಗದ ತಕರಾರಿನ ಕುರಿತು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೊಂದೂ ಬಾಯಿಗೆ ಬಂದಿರುತ್ತಿರಲಿಲ್ಲ. ಆ ಬೆಂಡೋಲೆಯ ಬಿಸುಪು ನನ್ನ ಅಂಗೈಗೆ ಇಂದಿಗೂ ತಿಳಿಯುತ್ತದೆ.

ಸ್ವಾತಂತ್ರ್ಯದ ಮರುವರ್ಷವೇ, 1948ರಲ್ಲಿ, ಬೆಂಗಳೂರಿನಲ್ಲಿ ಭಾರತೀಯ ದೂರವಾಣಿ ಕಾರ್ಖಾನೆಯು ಸ್ಥಾಪಿತವಾಗಿ, ಆ ಕರಿಯ ಉಪಕರಣಗಳನ್ನು ನಾವೇ ತಯಾರಿಸುವಂತಾದರೂ, ಸಂಪರ್ಕಕ್ಕೆ ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯುತ್ತಿದ್ದರು. 1960ರಲ್ಲಿ ಲಖನೌ ಕಾನ್ಪುರಗಳ ನಡುವೆ ಆಪರೇಟರರ ನೆರವಿಲ್ಲದೆ ನೇರವಾಗಿ ಮಾತನಾಡುವ ಎಸ್.ಟಿ.ಡಿ. ಆರಂಭವಾಯಿತಾದರೂ, ನಮ್ಮ ಹಳ್ಳಿಗಳಿಗೆ ಅದು ನಿಲುಕಬೇಕಾದರೆ ಇನ್ನೊಂದು ತಲೆಮಾರು ಬೇಕಾಯಿತು. ಹಿಂದಿನ ಎಕ್ಸ್‌ಚೇಂಜುಗಳು ಬಯಸುತ್ತಿದ್ದುದು ತಂಪಾದ, ಧೂಳಿಲ್ಲದ, ತೇವವಿಲ್ಲದ ಕೋಣೆಯನ್ನು. ಕರಾವಳಿಯ ಹಳ್ಳಿಯಲ್ಲಿ ಆಷಾಢಮಾಸದಲ್ಲಿ ಅಂಥ ಕೋಣೆಯನ್ನು ಎಲ್ಲಿಂದ ತರುವುದು? 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯ ಎಂಜಿನಿಯರರು, ಹವಾನಿಯಂತ್ರಣವಿಲ್ಲದೆಯೇ ನಡೆಯಬಲ್ಲ 128 ಸಾಲುಗಳ ಗ್ರಾಮೀಣ ಎಕ್ಸ್‌ಚೇಂಜನ್ನು ರೂಪಿಸಿ, 1986ರ ಜುಲೈಯಲ್ಲಿ ಮೊಟ್ಟಮೊದಲು ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ ಅದನ್ನು ನೆಲೆಗೊಳಿಸಿದರು. ದೇಶದ ಸಂಪರ್ಕಚರಿತ್ರೆಯಲ್ಲಿ ಇದಕ್ಕಿಂತ ವಿನಯಶೀಲವಾದ ಯಂತ್ರವನ್ನು ನಾನು ಕಂಡಿಲ್ಲ. ಅದು ಹಳ್ಳಿಯನ್ನು ಹಳ್ಳಿಯಾಗಿಯೇ ಒಪ್ಪಿಕೊಂಡಿತು.

ಅದರ ಬೆನ್ನಿಗೇ ಬಂದುವು ಎಸ್.ಟಿ.ಡಿ. ಬೂತುಗಳು. ಬಸ್‌ಸ್ಟ್ಯಾಂಡಿನ ಬದಿಯ ಗಾಜಿನ ಗೂಡುಗಳಲ್ಲಿ ಕೆಂಪು ಅಂಕಿಗಳು ಓಡುವ ಮೀಟರನ್ನು ನೋಡುತ್ತ ಮಾತು ಮೊಟಕುಗೊಳಿಸುವುದನ್ನು ನಾವು ಕಲಿತೆವು. ರಾತ್ರಿ ತಡವಾದಷ್ಟೂ ದರ ಇಳಿಯುತ್ತಿದ್ದುದರಿಂದ ಮಣಿಪಾಲದ ಬೂತುಗಳ ಮುಂದೆ ನಡುರಾತ್ರಿಯ ವರೆಗೆ ವಿದ್ಯಾರ್ಥಿಗಳ ಸಾಲು ನಿಂತಿರುತ್ತಿತ್ತು. 1953ರಲ್ಲಿ ಡಾ. ಟಿ.ಎಂ.ಎ. ಪೈಗಳು ವೈದ್ಯಕೀಯ ಕಾಲೇಜನ್ನು ತೆರೆದಾಗ ಬೋಳುಗುಡ್ಡವಾಗಿದ್ದ ಆ ಊರು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು, 1970ರಲ್ಲಿ ‘ಉದಯವಾಣಿ’ ಪತ್ರಿಕೆ ಹೀಗೆ ಒಂದೊಂದನ್ನೇ ಸೇರಿಸಿಕೊಳ್ಳುತ್ತ, ದೇಶದ ಎಲ್ಲ ಮೂಲೆಗಳ ಮಕ್ಕಳು ಮನೆಯಿಂದ ದೂರವಿದ್ದು ಮನೆಯನ್ನು ನೆನೆಯುವ ಊರಾಗಿ ಬೆಳೆದಿತ್ತಷ್ಟೆ. ಮಗನು ಹೊರಗೆ ಹೋದುದರಿಂದ ಕಾಪುವಿಗೂ ಕಾರ್ಕಳಕ್ಕೂ ತಂತಿ ಬೇಕಾಯಿತು. ಹೊರಗಿನ ಮಗನು ಒಳಗೆ ಬಂದುದರಿಂದ ಮಣಿಪಾಲಕ್ಕೆ ಬೇಕಾಯಿತು. ಎರಡೂ ಒಂದೇ ಹಸಿವಿನ ಎರಡು ಮುಖಗಳು.

ದನಿಯ ಜೊತೆಗೆ ಹಾಡೂ ಚಿತ್ರವೂ ಬಂದ ಕಥೆಯನ್ನು ಇಲ್ಲಿಯೇ ಸೇರಿಸಬೇಕು. ಮಂಗಳೂರು ಆಕಾಶವಾಣಿಯು 1976ರ ಡಿಸೆಂಬರಿನಲ್ಲಿ ಆರಂಭವಾದಾಗ ಅದರ ಧ್ವನಿಮಂದಿರವು ಕದ್ರಿಯ ಗುಡ್ಡದ ಮೇಲಿದ್ದರೂ ಪ್ರಸಾರಸ್ತಂಭವು ಉಡುಪಿಯ ಸಮೀಪದ ಬ್ರಹ್ಮಾವರದಲ್ಲಿತ್ತು. ಅದುವರೆಗೆ ಧಾರವಾಡವನ್ನೋ ಬೆಂಗಳೂರನ್ನೋ ಗೊರಗೊರ ಸದ್ದಿನ ನಡುವೆ ಹುಡುಕುತ್ತಿದ್ದ ನಮ್ಮ ಕಿವಿಗೆ, ನಮ್ಮದೇ ಭಾಗವತರ ಪದ, ನಮ್ಮದೇ ಚೆಂಡೆಯ ಪೆಟ್ಟು, ತಾಳಮದ್ದಲೆಯ ಅರ್ಥಗಾರಿಕೆ ಸ್ಪಷ್ಟವಾಗಿ ಕೇಳಿಸಿದ ದಿನಗಳವು. ದೂರದರ್ಶನಕ್ಕಾಗಿ ಜನರು ತೆಂಗಿನಮರದೆತ್ತರದ ಕಂಬಗಳಿಗೆ ಆಂಟೆನಾ ಕಟ್ಟಿದರು. ತೊಂಬತ್ತರ ದಶಕದಲ್ಲಿ ಡಿಶ್ಶುಗಳು ಬಂದು, ಕೇಬಲಿನವರು ತೆಂಗಿನಿಂದ ಮಾವಿಗೆ, ಮಾವಿನಿಂದ ವಿದ್ಯುತ್ತಿನ ಕಂಬಕ್ಕೆ ಕರಿಯ ವಯರನ್ನು ಎಳೆದುಕೊಂಡು ಹೋದರು. ಉಡುಪಿಯ ರಥಬೀದಿಯಲ್ಲಿ ಎರಡು ವರ್ಷಗಳಿಗೊಮ್ಮೆ ಜನವರಿ 18ರ ಮುಂಜಾನೆ ನಡೆಯುವ, ಕೃಷ್ಣಮಠದ ಪೂಜಾಧಿಕಾರವು ಕೈಬದಲಿಸುವ ಪರ್ಯಾಯದ ಮೆರವಣಿಗೆಯನ್ನು ಹಾಸಿಗೆ ಹಿಡಿದ ವೃದ್ಧರು ಮನೆಯಲ್ಲಿಯೇ ಕಂಡು ಕೈಮುಗಿದುದು ಈ ವಯರಿನ ಪುಣ್ಯದಿಂದ. ಇಂದು ಯಕ್ಷಗಾನದ ಹರಕೆಯಾಟವನ್ನು ಆಡಿಸುವ ಮನೆಯವರು ಅಂಗಳದ ಮೂಲೆಯಲ್ಲಿ ಕ್ಯಾಮರಾ ನಿಲ್ಲಿಸಿ ನೇರಪ್ರಸಾರ ಮಾಡಿಸುತ್ತಾರೆ. ದುಬಾಯಿಯಲ್ಲಿ ಪಾಳಿ ಮುಗಿಸಿ ಬಂದ ಮಗನು ದೇವಿಯ ಪ್ರವೇಶವನ್ನು ಅಲ್ಲಿಂದಲೇ ನೋಡುತ್ತಾನೆ.

ತಂತಿಯ ತರುವಾಯ ಬಂದ ಬೆಳಕಿನ ನೂಲಿಗೆ, ಎಂದರೆ ಆಪ್ಟಿಕಲ್ ಫೈಬರಿಗೆ, ದಾರಿಮಾಡಿಕೊಟ್ಟುದು ಮುಖ್ಯವಾಗಿ ಹೆದ್ದಾರಿ ಮತ್ತು ರೈಲು. 1998ರ ಜನವರಿ 26ರಂದು ಕೊಂಕಣ ರೈಲುಮಾರ್ಗವು ಪೂರ್ಣವಾಗಿ ಸಂಚಾರಕ್ಕೆ ತೆರೆಯಿತು. ಆ ಹಳಿಗಳ ಬದಿಯಲ್ಲಿಯೂ ಆಪ್ಟಿಕಲ್ ಫೈಬರ್ ನೆಲದೊಳಗೆ ಹರಿಯಿತು. ಹೆದ್ದಾರಿಯೂ ಹಳಿಯೂ ತೆಂಕಣದಿಂದ ಬಡಗಣಕ್ಕೆ, ಕಡಲಿಗೆ ಸಮಾನಾಂತರವಾಗಿ ಸಾಗುವುವು. ನಮ್ಮ ನದಿಗಳಾದರೋ ಮೂಡಣದಿಂದ ಪಡುವಣಕ್ಕೆ. ನದಿಗೆ ಎದುರಾಗಿ, ಎಂದರೆ ಘಟ್ಟದ ಕಡೆಗೆ ನಡೆಯುವುದು ಜಾಲಕ್ಕೆ ಎಂದೂ ಪ್ರಯಾಸದ ಕೆಲಸವಾಯಿತು.

ಮೊಬೈಲು ಬಂದಾಗಲೂ ಅದೇ ಕ್ರಮ. 1995ರಲ್ಲಿ ದೇಶದ ಮೊದಲ ಕರೆ ನಡೆದಾಗ ನಿಮಿಷಕ್ಕೆ 16 ರೂಪಾಯಿ. 2002ರ ಅಕ್ಟೋಬರಿನಲ್ಲಿ ಬಿ.ಎಸ್.ಎನ್.ಎಲ್. ತನ್ನ ಮೊಬೈಲು ಸೇವೆಯನ್ನು ಆರಂಭಿಸಿ, ಮರುವರ್ಷ ಒಳಬರುವ ಕರೆಗಳು ಉಚಿತವಾದ ಮೇಲೆ, ಮೀನು ಮಾರುವ ಹೆಂಗಸರ ಬುಟ್ಟಿಯಲ್ಲಿಯೂ ಫೋನು ಕಾಣಿಸಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ತರುವಾಯ ಚಲಚ್ಚಿತ್ರವು ಅಕ್ಕಿಗಿಂತ ಸುಲಭವಾಗಿ ಮನೆಗೆ ಬಂತು. ಮಾರುಕಟ್ಟೆ ಬೆಳೆಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಟವರು ನಿಲ್ಲಿಸುವವರು ಮೊದಲು ಎಣಿಸುವುದು ಮನೆಗಳನ್ನು. ಕಾಪುವಿನಲ್ಲಿ ಮನೆಗೆ ಮನೆ ತಾಗಿದೆ. ಮಾಳ, ಈದು, ನೂರಾಳಬೆಟ್ಟುಗಳಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ತೋಟ, ತೋಡು, ಗುಡ್ಡ ದಾಟಬೇಕು. ಆಚೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು. ಅಲ್ಲಿ ಅಗೆಯಲು ಅನುಮತಿ ಸುಲಭವಲ್ಲ. ವರ್ಷಕ್ಕೆ 4,000 ಮಿಲಿಮೀಟರನ್ನೂ ಮೀರುವ ಮಳೆ, ಅದಕ್ಕೆ ಮೊದಲು ಸಿಡಿಲು, ನೆಲದಲ್ಲಿ ಗುದ್ದಲಿಯನ್ನು ಒಪ್ಪದ ಮುರಕಲ್ಲು, ಕಡಲಬದಿಯಲ್ಲಿ ಕಬ್ಬಿಣವನ್ನು ತಿನ್ನುವ ಉಪ್ಪುಗಾಳಿ, ಕರೆಂಟು ಹೋಗಿ ಬ್ಯಾಟರಿ ಬರಿದಾದರೆ ಟವರೂ ಮೌನ. ಇಂಥ ಕಡೆಗಳಿಗೆಂದೇ ದೂರಸಂಪರ್ಕ ಕಂಪೆನಿಗಳ ಹೊಂದಾಣಿಕೆಗೊಳಿಸಿದ ಒಟ್ಟು ಆದಾಯದಿಂದ ನೂರಕ್ಕೆ 5ರಂತೆ ಸಂಗ್ರಹಿಸುವ ನಿಧಿಯೊಂದುಂಟು. 2022ರ ಜುಲೈಯಲ್ಲಿ ಕೇಂದ್ರ ಸರ್ಕಾರವು ದೇಶದ 24,680 ಹಳ್ಳಿಗಳಿಗೆ 4ಜಿ ಮುಟ್ಟಿಸಲು 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆಯಿತ್ತಿತು. ಅಂಕಿ ಎಷ್ಟೇ ದೊಡ್ಡದಾಗಿರಲಿ, ಅದು ನಿಜವಾಗುವುದು ಗುಡ್ಡದ ಈಚೆಗಿರುವ ಮನೆಯಲ್ಲಿ ‘ರೇಂಜ್’ ಸಿಕ್ಕಿದಾಗ.

2020ರ ಮಳೆಗಾಲದಲ್ಲಿ ಶಾಲೆಗಳು ಮುಚ್ಚಿ ಪಾಠಗಳೆಲ್ಲ ಮೊಬೈಲಿಗೆ ಬಂದಾಗ, ಕಾರ್ಕಳದ ಮೂಡಣದ ಹಾದಿಯಲ್ಲಿ ಒಂದು ಗುಡ್ಡದ ತಲೆಯ ಮೇಲೆ ಟಾರ್ಪಾಲು ಕಟ್ಟಿಕೊಂಡು ಕುಳಿತ ಮಕ್ಕಳನ್ನು ನಾನು ಕಂಡೆ. ಅಣ್ಣನು ಕೊಡೆಯನ್ನು ತನ್ನ ಮೇಲಲ್ಲ, ಫೋನಿನ ಮೇಲೆ ಹಿಡಿದಿದ್ದನು. ತಂಗಿಯು ಒದ್ದೆ ಕೂದಲಿನಿಂದಲೇ ಲೆಕ್ಕ ಬರೆದುಕೊಳ್ಳುತ್ತಿದ್ದಳು. ಆ ದೃಶ್ಯವನ್ನು ಸಾಹಸವೆಂದು ಹೊಗಳುವ ಮನಸ್ಸು ನನಗಾಗಲಿಲ್ಲ. ಮಕ್ಕಳು ಅಲ್ಲಿ ಕುಳಿತಿರಬಾರದಾಗಿತ್ತು.

ಪಡುವಣದ ಅಂಚಿನಲ್ಲಿಯೂ ಒಂದು ಕತ್ತಲೆಯಿದೆ. 2018ರ ಡಿಸೆಂಬರ್ 13ರಂದು ಏಳು ಮಂದಿ ಮೀನುಗಾರರೊಡನೆ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಎರಡು ದಿನಗಳ ತರುವಾಯ ಸಂಪರ್ಕ ಕಡಿದುಕೊಂಡಿತು. ಅದರ ಅವಶೇಷವು ಮುಂದಿನ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಕಡಲಿನಲ್ಲಿ ದೊರೆಯಿತು. ದಡದ ಟವರಿನ ಅಲೆಯು ಹೆಚ್ಚೆಂದರೆ ಮೂವತ್ತು ಮೂವತ್ತೈದು ಕಿಲೊಮೀಟರು ಹೋಗಬಹುದು. ಅದರಾಚೆ ದುಡಿಯುವವನ ತಾಯಿಗೆ, ಅಜ್ಜಿಯ ಕಾಲದ ಬೆಂಚೇ ಗತಿ.

ಇಷ್ಟೆಲ್ಲದರ ನಡುವೆ ಜಾಲವನ್ನು ಹಿಡಿದುಕೊಂಡವನು ಲೈನ್‌ಮ್ಯಾನ್. ಯಾವ ತೋಟದ ಯಾವ ಕಂಬದಲ್ಲಿ ಜಾಯಿಂಟು ನೀರು ಕುಡಿಯುತ್ತದೆಂಬುದು ಯಾವ ನಕಾಶೆಯಲ್ಲಿಯೂ ಇರಲಿಲ್ಲ. ಅದು ಅವನ ತಲೆಯಲ್ಲಿತ್ತು. 2020ರ ಜನವರಿ ಕೊನೆಯಲ್ಲಿ ಬಿ.ಎಸ್.ಎನ್.ಎಲ್.ನಿಂದ ದೇಶಾದ್ಯಂತ ಸುಮಾರು 78 ಸಾವಿರ ಮಂದಿ ಸ್ವಯಂನಿವೃತ್ತಿ ಪಡೆದಾಗ ಅಂಥ ಎಷ್ಟೋ ಅರಿವು ಒಮ್ಮೆಗೇ ಮನೆಗೆ ನಡೆಯಿತು. ಅವರ ಜಾಗದಲ್ಲಿ ಈಗ ಗುತ್ತಿಗೆಯ ಹುಡುಗರು, ಹಿಂದೆ ಕೇಬಲು ಎಳೆದವರ ಮಕ್ಕಳು.

ಕಳೆದ ಶ್ರಾವಣದಲ್ಲಿ ಕಾರ್ಕಳದ ರಸ್ತೆಬದಿಯಲ್ಲಿ, ರಸ್ತೆ ಅಗಲಿಸುವ ಯಂತ್ರವು ಕಡಿದುಹಾಕಿದ ಫೈಬರನ್ನು ಜೋಡಿಸುತ್ತಿದ್ದ ಅಂಥ ಒಬ್ಬನನ್ನು ನೋಡುತ್ತ ನಿಂತೆನು. ಕರಿಯ ಕವಚವನ್ನು ಸುಲಿದು, ನೀಲಿ, ಕಿತ್ತಳೆ, ಹಸುರು, ಕಂದು ಎಂದು ಬಣ್ಣಬಣ್ಣದ ಎಳೆಗಳನ್ನು ಬಿಡಿಸಿ, ಒಂದೊಂದನ್ನೂ ಸ್ಪಿರಿಟ್ಟಿನಿಂದ ಒರಸಿದನು. ಕೂದಲೆಳೆಯಷ್ಟಿರುವ ಆ ಗಾಜಿನಲ್ಲಿ ಬೆಳಕು ಓಡುವ ನಡುದಾರಿಯು ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲಿನಷ್ಟು. ಒಂದು ಧೂಳಿನ ಕಣ, ಒಂದು ಹನಿ ನೀರು ಸಾಕು, ಅದು ಕೆಡಲು. “ಸಾರ್, ಸ್ವಲ್ಪ ಕೊಡೆ ಹಿಡಿಯುತ್ತೀರಾ? ಗಾಳಿ ಬರ್ತದೆ” ಎಂದನು. ಹಿಡಿದೆನು. ಪುಟ್ಟ ಯಂತ್ರದೊಳಗೆ ಎರಡು ತುದಿಗಳು ಎದುರುಬದುರಾಗಿ ಬಂದು, ಒಂದು ಕಿಡಿ ಹಾರಿ, ಒಂದಾದವು. ಪರದೆಯ ಮೇಲೆ ಬೆಳಕಿನ ನಷ್ಟ 0.02 ಡೆಸಿಬೆಲ್ ಎಂದು ಮೂಡಿತು. ಹನ್ನೆರಡು ಎಳೆಗಳೂ ಮುಗಿಯುವಾಗ ಒಂದೂವರೆ ಗಂಟೆ ಕಳೆದಿತ್ತು. ಅವನು ಫೋನಿನಲ್ಲಿ ಯಾರಿಗೋ, “ಈಗ ನೋಡಿ, ಬಂತಾ?” ಎಂದು ಕೇಳಿ, ಉತ್ತರಕ್ಕಾಗಿ ಕಾದು, ತಲೆಯಾಡಿಸಿ, ಪೆಟ್ಟಿಗೆಯನ್ನು ಬೈಕಿಗೆ ಕಟ್ಟಿದನು. ಮಾಳದ ಕಡೆ ಸಿಡಿಲಿಗೆ ಎರಡು ಕಡೆ ಹೋಗಿದೆಯಂತೆ. ಕತ್ತಲಾಗುವ ಮೊದಲು ಅಲ್ಲಿಗೆ ಮುಟ್ಟಬೇಕೆಂದು ಹೇಳಿ ಮಳೆಯೊಳಗೆ ಹೊರಟನು.